ಮಣಿಕಟ್ಟಿನ ಆಪರೇಷನ್: ಹೊಲಿಗೆಗೆ ಐದು ಸ್ಟಾರ್, ಬಿಲ್ಲಿಗೆ ಎರಡು

ಮೊದಲು ಬ್ಲೌಸಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅದು ಗಂಟಲಲ್ಲೇ ಉಳಿಯುತ್ತದೆ. ಕೈ ಮುರಿದುಕೊಂಡು ಹೋದ ಮೊದಲ ನರ್ಸಿಂಗ್ ಹೋಮಿನಲ್ಲಿ ನನ್ನ ಬ್ಲೌಸಿನ ತೋಳಿಗೆ ಕತ್ತರಿ ಹಾಕಿದರು. ಹಾಕಲಿ, ತಪ್ಪಲ್ಲ. ಊದಿದ ಕೈಯಿಂದ ಬಿಗಿ ತೋಳು ಹೊರಗೆ ಬರುವುದಿಲ್ಲ. ಆದರೆ ಅಲ್ಲೇ ಪಕ್ಕದಲ್ಲಿ ಹೊಲಿಗೆ ಇತ್ತು. ಬಿಚ್ಚಿದ್ದರೆ ಒಂದು ನಿಮಿಷದ ಕೆಲಸ. ಅದು ಬಿಟ್ಟು ಬಟ್ಟೆಯ ನಟ್ಟನಡುವೆ ಕತ್ತರಿಸಿದರು. ಅದೂ ಮೊಂಡು ಕತ್ತರಿಯಲ್ಲಿ. ಗುಳೇದಗುಡ್ಡದ ಖಣ ಅದು. 30 ವರ್ಷದಿಂದ ಬ್ಲೌಸ್ ಹೊಲಿಯುತ್ತಿರುವವಳು ಮಲಗಿಕೊಂಡು ಇದನ್ನು ನೋಡಬೇಕಾಯಿತು.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ವಯಸ್ಸು 53. ಜನವರಿ ಮೊದಲ ವಾರ, ಧನುರ್ಮಾಸದ ಪೂಜೆಗೆಂದು ಬೆಳಗಿನ ಜಾವ ಐದೂವರೆಗೆ ಹೊರಟಿದ್ದೆ. ಗ್ರಾನೈಟ್ ಮೆಟ್ಟಿಲು ಆಗಷ್ಟೇ ತೊಳೆದಿದ್ದು. ತೊಳೆದವಳೂ ನಾನೇ. ಕಾಲು ಜಾರಿತು. ಬೀಳುವಾಗ ಬಲಗೈ ಊರಿದೆ. ಎದ್ದು ನೋಡಿದರೆ ಮಣಿಕಟ್ಟು ಸೌಟಿನ ಹಿಡಿ ಸೊಟ್ಟಗಾದ ಹಾಗೆ ಬಾಗಿತ್ತು. ಡಾಕ್ಟರುಗಳು ಇದನ್ನು ಊಟದ ಫೋರ್ಕಿಗೆ ಹೋಲಿಸುತ್ತಾರಂತೆ. ನಮ್ಮ ಮನೆಯಲ್ಲಿ ಫೋರ್ಕ್ ಇಲ್ಲ, ಹಾಗಾಗಿ ನನಗೆ ಸೌಟೇ.

ಹತ್ತಿರ ಇದ್ದ ನರ್ಸಿಂಗ್ ಹೋಮಿಗೆ ಹೋದೆವು. ಎಕ್ಸ್‌ರೇ ತೆಗೆದರು. ಪಿಓಪಿ, ಅಂದರೆ ಪ್ಲಾಸ್ಟರ್ ಪಟ್ಟಿ ಹಾಕಿ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರು. "ಐದಾರು ವಾರ ಇರಲಿ, ಕೂಡಿಕೊಳ್ಳುತ್ತೆ" ಅಂದರು. ನಾನು ಏನು ಕೆಲಸ ಮಾಡುತ್ತೇನೆ ಅಂತ ಯಾರೂ ಕೇಳಲಿಲ್ಲ. ಎಲ್ಲಾ ಹತ್ತು ನಿಮಿಷದಲ್ಲಿ ಮುಗಿಯಿತು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜುಮುಜುಮು ಅನ್ನತೊಡಗಿದವು. ಕಿರುಬೆರಳು ಸರಿಯಾಗಿಯೇ ಇತ್ತು. ಫೋನ್ ಮಾಡಿದರೆ "ನೋವಿನ ಮಾತ್ರೆ ತಗೊಳ್ಳಿ, ನಾಳಿದ್ದು ಬನ್ನಿ" ಅಂತ ಉತ್ತರ. ಈ ಜಾಗಕ್ಕೆ ಒಂದು ಸ್ಟಾರ್. ಎಕ್ಸ್‌ರೇ ಫಿಲ್ಮ್ ಕೈಗೆ ಕೊಟ್ಟಿದ್ದಕ್ಕೆ ಅದು.

ಮಾರನೇ ದಿನ ಎರಡನೇ ಆಸ್ಪತ್ರೆಗೆ ಹೋದೆ. ಹೊಗಳುವುದೂ ಇದೆ, ಬೈಯುವುದೂ ಇದೆ, ಅದಕ್ಕೆ ಹೆಸರು ಹಾಕುವುದಿಲ್ಲ. ಅಲ್ಲಿಯ ಕ್ಯಾಷುವಾಲ್ಟಿಯ ಹುಡುಗ ಡಾಕ್ಟರ್ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಬ್ಯಾಂಡೇಜನ್ನು ಹತ್ತಿಯವರೆಗೂ ಸೀಳಿಬಿಟ್ಟರು. ಒಂದು ಗಂಟೆಯಲ್ಲಿ ಜುಮುಜುಮು ಅರ್ಧ ಇಳಿಯಿತು. ಅಂಗೈ ಕಡೆಯಿಂದ ಒಂದು ನರ ಮಣಿಕಟ್ಟಿನ ಸಣ್ಣ ಸಂದಿಯಲ್ಲಿ ತೂರಿ ಆ ಮೂರು ಬೆರಳಿಗೆ ಹೋಗುತ್ತದಂತೆ. ಮೂಳೆ ಸರಿದು, ಊತ ಏರಿ, ಮೇಲಿಂದ ಬಿಗಿ ಕಟ್ಟು ಬಿದ್ದರೆ ಅದು ಅದುಮಿಹೋಗುತ್ತದೆ. ಕಟ್ಟು ಹಾಕಿಸಿಕೊಂಡವರು ಇದೊಂದು ನೆನಪಿಡಿ. ಬೆರಳು ಜುಮ್ಮೆಂದರೆ, ನೀಲಿಯಾದರೆ, ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಉಂಗುರದ ಕತೆಯೂ ಇಲ್ಲೇ ಆಯಿತು. ಮೊದಲ ಕಡೆ ಬಳೆ ತೆಗೆಸಿದ್ದರು, ಉಂಗುರ ಹಾಗೇ ಬಿಟ್ಟಿದ್ದರು. ಬೆರಳು ಊದಿ ಉಂಗುರ ಒಳಗೆ ಹೂತುಹೋಗಿತ್ತು. "ಕಟ್ ಮಾಡಬೇಕಾಗುತ್ತಮ್ಮ" ಅಂದರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಬಂದು, "ದಾರ ಇದೆಯಾ ನೋಡ್ರೋ" ಅಂದರು. ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು ರೀಲು ಇರುತ್ತದೆ. ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದದ್ದನ್ನು ಬೆರಳಿಗೆ ಒತ್ತೊತ್ತಾಗಿ ಉಗುರಿನ ಕಡೆಗೆ ಸುತ್ತಿದರು. ಊತ ಒಳಗೆ ಅದುಮಿತು. ಆಮೇಲೆ ಕೆಳಗಿನ ತುದಿ ಹಿಡಿದು ಬಿಚ್ಚುತ್ತಾ ಬಂದ ಹಾಗೆ ಉಂಗುರ ದಾರದ ಮೇಲೆ ಜಾರುತ್ತಾ ಹೊರಗೆ ಬಂತು. ಬಾಬಿನ್ ಸುತ್ತುವ ನನಗೇ ಇದು ಹೊಳೆದಿರಲಿಲ್ಲ. ಆ ಸಿಸ್ಟರಿಗೆ ಹತ್ತು ಸ್ಟಾರ್.

ಮೂಳೆ ಡಾಕ್ಟರ್ ಮಧ್ಯಾಹ್ನ ಬಂದರು. ಎಕ್ಸ್‌ರೇ ನೋಡುವ ಮೊದಲು ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದರು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳನ್ನು ಕಂಡು, "ಏನು ಕೆಲಸ ಮಾಡ್ತೀರಮ್ಮ?" ಅಂದರು. ಟೈಲರಿಂಗ್ ಅಂದೆ. "ಕತ್ತರಿ ಯಾವ ಕೈಯಲ್ಲಿ?" ಅಂದರು. ಬಲಗೈ ಅಂದೆ. ನನ್ನ ಚಿಕಿತ್ಸೆ ಶುರುವಾಗಿದ್ದು ಈ ಎರಡು ಪ್ರಶ್ನೆಯಿಂದ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮುರಿದಿದ್ದು ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳ ಕಡೆಯದರ ತುದಿ. ಅದರ ಕೀಲಿನ ಮುಖ ಸಾಮಾನ್ಯವಾಗಿ ಅಂಗೈ ಕಡೆಗೆ ಸುಮಾರು 11 ಡಿಗ್ರಿ ಬಾಗಿರುತ್ತದಂತೆ. ನನ್ನದು ಹಿಂಗೈ ಕಡೆಗೆ 20 ಡಿಗ್ರಿ ಮಗುಚಿತ್ತು. ಕೀಲಿನ ಮುಖವೂ ಒಡೆದು ಎರಡು ತುಂಡಾಗಿ, ನಡುವೆ 2 ಮಿಲಿಮೀಟರಿಗಿಂತ ಜಾಸ್ತಿ ಮೆಟ್ಟಿಲು ಬಿದ್ದಿತ್ತು. "ಎರಡು ಮಿಲಿಮೀಟರ್ ಏನು ಮಹಾ ಸಾರ್?" ಅಂದರು ನಮ್ಮನೆಯವರು. ನಾನು ಕೇಳಲಿಲ್ಲ. ಕಂಕುಳ ಕಟಿಂಗಿನಲ್ಲಿ ಟೇಪಿನ ಎರಡು ಸಣ್ಣ ಗೆರೆ ಹೆಚ್ಚುಕಮ್ಮಿ ಆದರೆ ಬ್ಲೌಸ್ ಎಲ್ಲಿ ಹಿಡಿಯುತ್ತದೆ ಅಂತ ನನಗೆ ಗೊತ್ತು.

ಇಂಜೆಕ್ಷನ್ ಕೊಟ್ಟು ಕೈ ಎಳೆದು ಕೂರಿಸಿ ನೋಡಿದರು. ಕೂತಿತು. ಇನ್ನೊಂದು ಎಕ್ಸ್‌ರೇ ತೆಗೆಯುವಷ್ಟರಲ್ಲಿ ಮತ್ತೆ ಜಾರಿತ್ತು. ಹಿಂಬದಿಯ ಮೂಳೆ ಪುಡಿಯಾಗಿದೆ, ಆನಿಸಿಕೊಳ್ಳಲು ಏನೂ ಇಲ್ಲ ಅಂದರು. ಇರುವ ದಾರಿಗಳನ್ನು ಅವರೇ ಬಿಡಿಸಿ ಹೇಳಿದರು. ಚರ್ಮದ ಮೇಲಿಂದಲೇ ತಂತಿ ತೂರಿಸಿ ಹಿಡಿಸುವುದು ಒಂದು. ಖರ್ಚು ಕಡಿಮೆ, ಆದರೆ ನನ್ನ ಮೂಳೆಯಲ್ಲಿ ಗಟ್ಟಿ ಹಿಡಿತ ಸಿಗುತ್ತೆ ಅನ್ನೋ ನಂಬಿಕೆ ಅವರಿಗಿರಲಿಲ್ಲ. ಇನ್ನೊಂದು, ಅಂಗೈ ಕಡೆಯಿಂದ ಕೊಯ್ದು ಟೈಟಾನಿಯಂ ಪ್ಲೇಟ್ ಕೂರಿಸುವುದು. ಆಪರೇಷನ್ನೇ ಬೇಡ ಅಂದರೆ ಪಿಓಪಿ. ಮೂಳೆ ಸೊಟ್ಟಗೆ ಕೂಡುತ್ತದೆ, ಆದರೆ ಕೂಡುತ್ತದೆ. "ನಿಮ್ಮ ಅತ್ತೆಗೆ 80 ವರ್ಷ ಅಂದ್ರಲ್ಲ. ಅವರಿಗೆ ಇದೇ ಆಗಿದ್ರೆ ನಾನು ಬಹುಶಃ ಪಿಓಪಿಯಲ್ಲೇ ಬಿಡ್ತಿದ್ದೆ. ಆ ವಯಸ್ಸಲ್ಲಿ ಮೂಳೆ ಸ್ವಲ್ಪ ಸೊಟ್ಟಗಿದ್ದರೂ ವರ್ಷ ಕಳೆದ ಮೇಲೆ ಕೆಲಸಕ್ಕೆ ಅಷ್ಟೇನೂ ವ್ಯತ್ಯಾಸ ಆಗಲ್ಲ. ನಿಮಗೆ ಕತ್ತರಿ ಹಿಡಿಯಬೇಕು" ಅಂದರು. ಆಪರೇಷನ್ ಮಾಡುವ ಡಾಕ್ಟರೇ ಯಾರಿಗೆ ಆಪರೇಷನ್ ಬೇಡ ಅಂತ ಹೇಳಿದ್ದು ನನಗೆ ಹಿಡಿಸಿತು. ಒಪ್ಪಿಕೊಂಡೆ.

ಅಂದಹಾಗೆ ಈ ಮುರಿತಕ್ಕೆ ಕಾಲಿಸ್ ಫ್ರ್ಯಾಕ್ಚರ್ ಅಂತ ಹೆಸರು. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಅನ್ನುವ ಸರ್ಜನ್ 1814ರಲ್ಲೇ ಇದರ ಬಗ್ಗೆ ಬರೆದಿದ್ದರು. ಎಕ್ಸ್‌ರೇ ಬಂದಿದ್ದು 1895ರಲ್ಲಿ. ಅಂದರೆ ಸುಮ್ನೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಇಷ್ಟು ಹೇಳಿದ್ದಾರೆ. ಮಗಳು ಫೋನಿನಲ್ಲಿ ಓದಿ ಹೇಳಿದಾಗ ನನಗೆ ನಮ್ಮಪ್ಪನ ನೆನಪಾಯಿತು. ಟೇಪ್ ಹಿಡಿಯದೆ ಆಳು ನೋಡಿ ಅಂಗಿ ಕತ್ತರಿಸುತ್ತಿದ್ದರು.

ಆಪರೇಷನ್ ಮೂರನೇ ದಿನ. ಪೂರ್ತಿ ಎಚ್ಚರ ತಪ್ಪಿಸಲಿಲ್ಲ. ಕೊರಳ ಎಲುಬಿನ ಮೇಲ್ಗಡೆ ಸ್ಕ್ಯಾನಿಂಗ್ ಮೆಷಿನ್ ಇಟ್ಟು ನೋಡುತ್ತಾ, ಕೈಗೆ ಹೋಗುವ ನರಗಳ ಗೊಂಚಲಿಗೆ ಇಂಜೆಕ್ಷನ್ ಕೊಟ್ಟರು. 20 ನಿಮಿಷದಲ್ಲಿ ಬಲಗೈ ನನ್ನದಲ್ಲ ಅನ್ನಿಸಿತು. ವಿಚಿತ್ರ ಏನೆಂದರೆ, ಕೈ ಪಕ್ಕದ ಟೇಬಲ್ ಮೇಲೆ ಮಲಗಿದೆ, ನನಗೆ ಮಾತ್ರ ಅದು ಎದೆಯ ಮೇಲೆ ಮಡಿಸಿ ಇಟ್ಟ ಹಾಗೇ ಅನ್ನಿಸುತ್ತಿತ್ತು. ತೋಳಿಗೆ ಬಿಪಿ ನೋಡುವ ಪಟ್ಟಿಯಂಥದ್ದು ಕಟ್ಟಿ ಗಾಳಿ ತುಂಬಿದರು. ರಕ್ತ ನಿಲ್ಲಿಸಲಿಕ್ಕೆ. ಅದನ್ನು ಎರಡು ಗಂಟೆ ಮೀರಿ ಬಿಡುವ ಹಾಗಿಲ್ಲವಂತೆ, ಹಾಗಾಗಿ ಒಬ್ಬರು ಗಡಿಯಾರ ನೋಡಿ ಆಗಾಗ ಹೊತ್ತು ಹೇಳುತ್ತಿದ್ದರು. ನಡುವೆ ಹಸಿರು ಪರದೆ. ಆಚೆ ಡ್ರಿಲ್ ಸದ್ದು, ಗೋಡೆಗೆ ಫೋಟೋ ಹಾಕಲು ತೂತು ಕೊರೆಯುವ ಹಾಗೆ. ನೋವಿಲ್ಲ, ಅಲುಗಾಟ ಮಾತ್ರ ಹೆಗಲಿಗೆ ಗೊತ್ತಾಗುತ್ತಿತ್ತು. ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯಿತು.

ಪ್ಲೇಟ್ ಇಂಗ್ಲಿಷಿನ ಟಿ ಅಕ್ಷರದ ಹಾಗಿದೆ. ಕೀಲಿನ ಹತ್ತಿರ ಆರು ಸ್ಕ್ರೂ, ಮೇಲಿನ ಗಟ್ಟಿ ಮೂಳೆಗೆ ಮೂರು. ಮಾಮೂಲಿ ಸ್ಕ್ರೂ ಮೂಳೆಯನ್ನು ಮಾತ್ರ ಕಚ್ಚುತ್ತದೆ. ಇದರ ತಲೆಯಲ್ಲೂ ತಿರುಪಿನ ಎಳೆ ಇದೆ, ಅದು ಪ್ಲೇಟಿನ ತೂತನ್ನೂ ಕಚ್ಚುತ್ತದೆ. ಹಾಗಾಗಿ ಮೂಳೆ ಮೆತ್ತಗಿದ್ದರೂ ಒಟ್ಟು ಚೌಕಟ್ಟು ಸುಲಭಕ್ಕೆ ಸಡಿಲಾಗುವುದಿಲ್ಲ. ತೆಳು ಬಟ್ಟೆಗೆ ಒಳಗೆ ಕ್ಯಾನ್‌ವಾಸ್ ಕೊಟ್ಟು ಕಾಲರ್ ನಿಲ್ಲಿಸುತ್ತೇವಲ್ಲ, ನನಗೆ ಅರ್ಥವಾಗಿದ್ದು ಹಾಗೆ. ಮುಂಚೆ ಪ್ಲೇಟನ್ನು ಹಿಂಗೈ ಕಡೆ ಹಾಕುವುದೇ ಜಾಸ್ತಿಯಿತ್ತಂತೆ. ಅಲ್ಲಿ ಚರ್ಮದ ಕೆಳಗೇ ಬೆರಳನ್ನು ಎಳೆಯುವ ಹುರಿಗಳು, ಅಂದರೆ ಸ್ನಾಯುರಜ್ಜುಗಳು ಓಡಾಡುವುದರಿಂದ ಉಜ್ಜಿ ತೊಂದರೆ. ಅಂಗೈ ಕಡೆ ಮಾಂಸದ ಮೆತ್ತೆ ಇದೆ.

ರಾತ್ರಿಯ ವಿಷಯಕ್ಕೆ ನನ್ನ ಮೊದಲ ದೂರು. ಮರಗಟ್ಟಿದ ಕೈ ರಾತ್ರಿ 11ಕ್ಕೆ ಎಚ್ಚರವಾಯಿತು. ಹಾಲು ಉಕ್ಕಿದ ಹಾಗೆ ಒಮ್ಮೆಲೇ ನೋವು. ಬೆಲ್ ಒತ್ತಿದರೆ ಮಾತ್ರೆ ಬರಲು 40 ನಿಮಿಷ. ಮರಗಟ್ಟಿದ್ದು ಬಿಡುವ ಮೊದಲೇ ನೋವಿನ ಮಾತ್ರೆ ತಗೋಬೇಕು ಅಂತ ಮಾರನೇ ದಿನ ಹೇಳಿದರು. ಹಿಂದಿನ ಸಂಜೆ ಹೇಳಿದ್ದರೆ ಏನಾಗುತ್ತಿತ್ತು?

ವಾರ್ಡಿನಲ್ಲಿ ಪಕ್ಕದ ಮಂಚದ ಆಚೆ ಒಬ್ಬ ಕಾಲೇಜು ಹುಡುಗನ ಅಮ್ಮ ಪರಿಚಯವಾದರು. ಹುಡುಗ ಬೈಕಿನಿಂದ ಬಿದ್ದು ಎರಡು ತಿಂಗಳಾಗಿತ್ತು. ಆಗ ಎಕ್ಸ್‌ರೇಯಲ್ಲಿ ಏನೂ ಕಾಣದೆ ಉಳುಕು ಅಂದಿದ್ದರಂತೆ. ನೋವು ಹೋಗಲೇ ಇಲ್ಲ. ಹೆಬ್ಬೆರಳು ಮೇಲೆತ್ತಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ಜೀವ ಹೋಗುವಷ್ಟು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ, ಅದರಲ್ಲಿ ಗೋಡಂಬಿಯಂಥ ಒಂದು ಆ ಗುಳಿಯ ಕೆಳಗಿದೆ. ಅದಕ್ಕೆ ರಕ್ತ ಬೆರಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಿಗದೆ ಕೂಡುವುದು ಕಷ್ಟ. ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರುವುದೂ ಉಂಟು, ಅದಕ್ಕೇ ಹತ್ತು ಹದಿನೈದು ದಿನ ಬಿಟ್ಟು ಮತ್ತೆ ತೆಗೆಸಬೇಕು. ಅವನಿಗೆ ತಲೆಯೇ ಇಲ್ಲದ ಸ್ಕ್ರೂ ಹಾಕಿದರು. ಪೂರ್ತಿ ಮೂಳೆಯ ಒಳಗೇ ಮುಳುಗಿ ಕೂರುತ್ತದೆ. ಮಕ್ಕಳು ಬೈಕಿನಿಂದ ಬಿದ್ದು "ಉಳುಕಿದೆ ಅಷ್ಟೆ" ಅಂದರೆ ಆ ಗುಳಿ ಒತ್ತಿ ನೋಡಿ.

ಈಗ ಬಿಲ್ಲು. ಅಂದಾಜು ಹೇಳಿದ್ದು 65,000. ಕಟ್ಟಿದ್ದು 88,400. ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಮೆಷಿನ್ನಿನ ಚಾರ್ಜ್ ಬೇರೆ, ಥಿಯೇಟರಿನ ಸಾಮಾನು ಬೇರೆ. ಪ್ಲೇಟು ಮತ್ತು ಒಂಬತ್ತು ಸ್ಕ್ರೂ ಸೇರಿ "ಇಂಪ್ಲಾಂಟ್ 34,000" ಅಂತ ಒಂದೇ ಸಾಲು. ನಾನು ಗಿರಾಕಿಗೆ ಹುಕ್ಕು, ಲೈನಿಂಗು, ಫಾಲ್ ಎಲ್ಲಾ ಬಿಡಿಸಿ ಬರೆದು ಕೊಡುತ್ತೇನೆ. ನನ್ನ ಮೈಯೊಳಗೆ ಕೂತ ವಸ್ತುವಿಗೆ ಕಂಪನಿ ಹೆಸರೂ ಬೇಡವೇ? ಕೇಳಿದೆ. ಕೌಂಟರಿನ ಹುಡುಗ "ಅದೆಲ್ಲಾ ಫೈಲಲ್ಲಿರುತ್ತಮ್ಮ" ಅಂದ. ಫೈಲಿನಲ್ಲಿರುವುದನ್ನೇ ಕೊಡಪ್ಪ ಅಂತ ಅಲ್ಲೇ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಸ್ಟಿಕರಿನ ಜೆರಾಕ್ಸ್ ಬಂತು. ಅದರಲ್ಲಿ ಕಂಪನಿ, ಅಳತೆ, ಬ್ಯಾಚ್ ನಂಬರ್ ಎಲ್ಲಾ ಇದೆ. ನಾಳೆ ಪ್ಲೇಟ್ ತೆಗೆಸಬೇಕಾದರೆ ಯಾವ ಸ್ಕ್ರೂಡ್ರೈವರ್ ಬೇಕು ಅಂತ ತಿಳಿಯಲು ಈ ಚೀಟಿ ಬೇಕು. ನೀವೂ ಕೇಳಿ ಇಸ್ಕೊಳ್ಳಿ. ಮಂಡಿಯ ಕೃತಕ ಕೀಲಿಗೆ 2017ರಲ್ಲಿ ಸರ್ಕಾರ ಬೆಲೆಯ ಮಿತಿ ಹಾಕಿದ್ದು ಎಲ್ಲರಿಗೂ ಗೊತ್ತು. ಮಣಿಕಟ್ಟಿನವರು ಮಾತ್ರ ಹೀಗೆ ಕೌಂಟರ್ ಮುಂದೆ ಕೂತು ಜಗಳ ಆಡಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಡೆಸ್ಕ್ ನನ್ನ ಕಣ್ಣಿಗೆ ಬಿದ್ದಿದ್ದು ಡಿಸ್ಚಾರ್ಜ್ ದಿನ, ಲಿಫ್ಟಿನ ಹಿಂದೆ. ಬಿಪಿಎಲ್ ಕಾರ್ಡಿನವರಿಗೆ ಇದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮದು ಎಪಿಎಲ್, ನಮಗೆ ಪ್ಯಾಕೇಜಿನ ಶೇ. 30 ಮಾತ್ರ. ಅದೂ ಅಡ್ಮಿಟ್ ಆಗುವಾಗಲೇ ಕೇಳಬೇಕಿತ್ತಂತೆ. ಕೈ ನೋವಿನಲ್ಲಿ ಯಾರಿಗೆ ನೆನಪಾಗುತ್ತೆ? ಜೊತೆಗೆ ಹೋದವರು ಮೊದಲು ಆ ಡೆಸ್ಕ್ ಹುಡುಕಿ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಅಂಗೈ ಕಡೆ ಸುಮಾರು ಮೂರು ಇಂಚಿನ ಗೀಟು. ನಾನು ಕನ್ನಡಕ ಹಾಕಿಕೊಂಡೇ ನೋಡಿದೆ. ಕಪ್ಪು ನೈಲಾನ್ ದಾರ, ಸಮ ಅಂತರ, ಒಂದೊಂದು ಹೊಲಿಗೆಗೂ ಅದರದೇ ಗಂಟು. "ಒಂದೇ ಎಳೆ ಓಡಿಸಿದ್ರೆ ಬೇಗ ಆಗ್ತಿತ್ತಲ್ವಾ ಸಾರ್?" ಅಂದೆ. ಡಾಕ್ಟರ್ ನಕ್ಕರು. "ಒಂದು ಬಿಚ್ಚಿಕೊಂಡ್ರೂ ಉಳಿದವು ಹಿಡಿದಿರಬೇಕಲ್ಲಮ್ಮ. ಕೀವು ಆದ್ರೆ ಅಲ್ಲೊಂದನ್ನೇ ಬಿಚ್ಚಬಹುದು" ಅಂದರು. ಒಪ್ಪುವ ಮಾತು. ಐದಕ್ಕೆ ಐದು.

ಆದರೆ ಅವತ್ತೇ ನನ್ನ ದೊಡ್ಡ ತಪ್ಪೂ ಗೊತ್ತಾಗಿದ್ದು. ತಪ್ಪು ನನ್ನದೊಬ್ಬಳದೇ ಅಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬೆರಳಿನ ಆರ್‌ಓಎಂ ಅಂತ ಬರೆದಿದ್ದರು. ಬಿಕಾಂ ಓದುವ ಮಗಳಿಗೂ ಅದೇನು ತಿಳಿಯಲಿಲ್ಲ. ಬೆರಳುಗಳನ್ನು ಮೊದಲ ದಿನದಿಂದಲೇ ಪೂರ್ತಿ ಮಡಿಸಿ ಬಿಚ್ಚಿ ಮಾಡಬೇಕು ಅಂತ ಅದರ ಅರ್ಥ. ನಾನೋ ಪ್ಲೇಟ್ ಸಡಿಲಾದರೆ ಅಂತ ಹೆದರಿ ಕೈಯನ್ನು ಜೋಳಿಗೆಯಲ್ಲಿ ದೇವರ ಹಾಗೆ ಇಟ್ಟುಕೊಂಡಿದ್ದೆ. ಹತ್ತು ದಿನದಲ್ಲಿ ಬೆರಳು ಗಂಜಿ ಹಾಕಿ ಒಣಗಿಸಿದ ಪಂಚೆಯಷ್ಟು ಬಿರುಸಾಗಿದ್ದವು. ಒಂದು ಸಾಲು ಕನ್ನಡ. ಅಷ್ಟು ಸಾಕಿತ್ತು. 88,400ರಲ್ಲಿ ಅದು ಬರಲಿಲ್ಲ.

ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಂದು ಸಲಕ್ಕೆ 15 ನಿಮಿಷ, ಮೂರು ಜನಕ್ಕೆ ಒಬ್ಬರು. ನಾನು ಮನೆ ಹತ್ತಿರದ ಒಂದು ಸಣ್ಣ ಕ್ಲಿನಿಕ್ ಹಿಡಿದೆ. ಒಂದು ಸಲಕ್ಕೆ 250 ರೂಪಾಯಿ. ನಡೆಸುವ ಹುಡುಗಿಗೆ ನನ್ನ ಮಗಳಿಗಿಂತ ನಾಲ್ಕು ವರ್ಷ ಜಾಸ್ತಿ ಇರಬಹುದು. ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಆಮೇಲೆ ಒಂದೊಂದೇ ಗೆಣ್ಣು ಮಡಿಸಿಸುತ್ತಿದ್ದಳು. ಮೊದಲು ಕೊಕ್ಕೆ, ಆಮೇಲೆ ಅರ್ಧ ಮುಷ್ಟಿ, ಆಮೇಲೆ ಪೂರ್ತಿ. "ಆಂಟಿ, ಅಳಬೇಡಿ, ಇನ್ನು ಐದೇ" ಅನ್ನುತ್ತಾ ಹತ್ತು ಮಾಡಿಸುವಳು. ಅಂಗಡಿಯಲ್ಲಿ ಸಿಗುವ ಮೆತ್ತನೆ ಉಂಡೆಗೆ 400 ರೂಪಾಯಿ ಕೊಡಬೇಡಿ, ಚಪಾತಿ ಹಿಟ್ಟು ನಾದಿ ಅಂದಳು. ಆ ತಿಂಗಳು ನಮ್ಮ ಮನೆಯ ಚಪಾತಿ ಬಹಳ ಮೆತ್ತಗಿದ್ದವು.

ಮಡಿಸುವುದು ಬಂತು, ಅಂಗೈ ಮೇಲೆ ಮಾಡಿ ತಿರುಗಿಸುವುದು ಬರಲಿಲ್ಲ. ಇದು ನನಗೆ ಗೊತ್ತಾಗಿದ್ದು ದೇವಸ್ಥಾನದಲ್ಲಿ. ಅಯ್ಯನವರು ತೀರ್ಥ ಹಾಕಿದರು, ಅಷ್ಟೂ ಹೆಬ್ಬೆರಳ ಪಕ್ಕದಿಂದ ಸೋರಿ ಸೀರೆ ಮೇಲೆ. ಕೈ ಬೊಗಸೆಯೇ ಆಗುತ್ತಿರಲಿಲ್ಲ. ಅದನ್ನು ಹೇಳಿದಾಗ ಆ ಹುಡುಗಿ ಸುತ್ತಿಗೆಯೊಂದನ್ನು ಹಿಡಿಯ ತುದಿಯಲ್ಲಿ ಹಿಡಿಸಿ, ಅದರ ಭಾರದಿಂದಲೇ ಕೈ ನಿಧಾನ ಹೊರಳುವ ಹಾಗೆ ಮಾಡಿಸಿದಳು. ಮೊಣಕೈ ಪಕ್ಕೆಗೆ ಅಂಟಿರಬೇಕು, ಇಲ್ಲದಿದ್ದರೆ ಹೆಗಲು ಮೋಸ ಮಾಡುತ್ತದೆ. ತೀರ್ಥ ನಿಲ್ಲಲು ಎರಡೂವರೆ ತಿಂಗಳು ಬೇಕಾಯಿತು. ಹಿಡಿತ ಅಳೆಯುವ ಮೀಟರಿನಲ್ಲಿ ಆರನೇ ವಾರ ಎಡಗೈ 22 ಕಿಲೋ, ಬಲಗೈ 6. ಮೂರು ತಿಂಗಳಿಗೆ 15. ಈಗ ಆರು ತಿಂಗಳಿಗೆ 19.

ಮನೆಮದ್ದೂ ನಡೆಯಿತು. ಚಿಕ್ಕಮ್ಮ ಹರಿಹರದಿಂದ ಮಂಗರಬಳ್ಳಿ ತಂದು ಚಟ್ನಿ ಮಾಡಿದರು. ಅತ್ತೆ ಅಂಟಿನುಂಡೆ ಕಟ್ಟಿದರು. ಡಾಕ್ಟರನ್ನು ಕೇಳಿದರೆ "ತಿನ್ನಿ, ಕೈಗೆ ಮಾತ್ರ ಕಟ್ಟಬೇಡಿ" ಅಂದರು. ಅಂಟಿನುಂಡೆಯಿಂದ ಮೂಳೆಗೆ ಏನಾಯಿತೋ, ನನ್ನ ತೂಕ ಮೂರು ಕಿಲೋ ಏರಿತು.

ಆಸ್ಪತ್ರೆಯ ಮೇಲೆ ನನಗಿರುವ ನಿಜವಾದ ಸಿಟ್ಟು ಬೇರೆ. ನಿಂತ ಎತ್ತರದಿಂದ ಬಿದ್ದಿದ್ದಕ್ಕೆ ಮೂಳೆ ಪುಡಿಯಾಯಿತು. ಯಾಕೆ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಫಿಸಿಯೋ ಹುಡುಗಿ. "ಆಂಟಿ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು?" ಅಂದಳು. ಏಳು ವರ್ಷ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ, ಮೊದಲು ಮುರಿಯುವುದು ಎಷ್ಟೋ ಸಲ ಮಣಿಕಟ್ಟೇ, ಸೊಂಟದ ಸರದಿ ಆಮೇಲೆ ಬರಬಹುದು ಅಂದಳು. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಬಂದಿದ್ದು ಮೈನಸ್ 2.7. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳು ಅಂತ ಲೆಕ್ಕ. ವಿಟಮಿನ್ ಡಿ ಕೂಡ ಕಡಿಮೆ. ಈಗ ಅದಕ್ಕೆ ಔಷಧಿ ನಡೆಯುತ್ತಿದೆ. ಹರಿದ ಕಡೆ ಚೆನ್ನಾಗಿ ರಫೂ ಮಾಡಿ, ಬಟ್ಟೆಯೇ ಜೀರ್ಣವಾಗಿದೆ ಅಂತ ಹೇಳದೆ ಕಳಿಸಿದ ಹಾಗಾಯಿತಲ್ಲ. ಇದಕ್ಕೆ ಸ್ಟಾರ್ ಇಲ್ಲ.

ಪ್ಲೇಟ್ ಒಳಗೇ ಇರುತ್ತದೆ. ತೊಂದರೆ ಕೊಡದಿದ್ದರೆ ತೆಗೆಯುವುದಿಲ್ಲ. ಹೆಬ್ಬೆರಳ ತುದಿ ಮಡಿಸುವಾಗ ಮಣಿಕಟ್ಟಿನಲ್ಲಿ ಕಿರ್ ಅಂದರೆ, ನೋವು ಬಂದರೆ ತಕ್ಷಣ ಬನ್ನಿ ಅಂದಿದ್ದಾರೆ. ಪ್ಲೇಟಿನ ಅಂಚು ರಜ್ಜುವನ್ನು ಉಜ್ಜಿ ಹರಿಯುವುದು ಅಪರೂಪಕ್ಕೆ ಉಂಟಂತೆ. ಮೋಡ ಕವಿದ ದಿನ ಸ್ವಲ್ಪ ಕೊರೆಯುತ್ತದೆ. ದಪ್ಪ ಕೋಟಿನ ಬಟ್ಟೆ ಕತ್ತರಿಸಲು ಇನ್ನೂ ಆಗುವುದಿಲ್ಲ. ಕೈಬಿಟ್ಟ ಮದುವೆ ಸೀಸನ್ನಿನ 14 ಬ್ಲೌಸುಗಳ ಗಿರಾಕಿಗಳಲ್ಲಿ ಇಬ್ಬರು ವಾಪಸ್ ಬಂದಿಲ್ಲ.

ಒಂದು ಲಾಭ ಆಯಿತು. ಎಡಗೈಯಲ್ಲಿ ಬ್ಲೌಸ್ ಹಾಕಲಾಗದೆ ಆರು ವಾರ ಒದ್ದಾಡಿದ್ದು ನೆನೆದು, ಮಾರ್ಚ್ ಕೊನೆಯಲ್ಲಿ ಮೊದಲು ಹೊಲಿದಿದ್ದು ಒಂದು ನೈಟಿ. ಬಲತೋಳಿನ ಪಕ್ಕದ ಹೊಲಿಗೆ ಪೂರ್ತಿ ತೆರೆದು, ಭುಜದಿಂದ ತುದಿವರೆಗೆ ವೆಲ್ಕ್ರೋ. ತೋಳಿನ ಸುತ್ತಳತೆ 20 ಇಂಚು, ಕಟ್ಟಿನ ಮೇಲೂ ಆರಾಮಾಗಿ ಬರುತ್ತದೆ. ಮುಂದೆ ಪ್ರೆಸ್ ಬಟನ್, ಒಂದೇ ಕೈಯಲ್ಲಿ ಹಾಕಬಹುದು. ಫಿಸಿಯೋ ಹುಡುಗಿ ನೋಡಿ ಅವಳ ಪೇಷೆಂಟುಗಳಿಗೆ ಅಂತ ಆರು ಹೇಳಿದ್ದಾಳೆ, ನಾಲ್ಕು ಬಲ, ಎರಡು ಎಡ. ಬಟ್ಟೆ ನಿಮ್ಮದಾದರೆ ಮಜೂರಿ 180. ಕೈ ಮುರಿದುಕೊಂಡೇ ಬರಬೇಕು ಅಂತೇನಿಲ್ಲ, ಅಳತೆ ಬರೆದು ಕಳಿಸಿದರೂ ನಡೆಯುತ್ತದೆ.